ಅರಗಿನ ಮೇಲಿನ ಕಮಾನು

“ಗುರುಗಳೇ, ಗುರುತು ಅಪರೂಪದ್ದಾದರೆ ಬೇರೆ ಸಾಕ್ಷಿ ಏಕೆ ಬೇಕು?”

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಆ ಬೆಳಿಗ್ಗೆ ಉಗ್ರಾಣದಲ್ಲಿ ಬೆಲ್ಲದ ಅಚ್ಚುಗಳು ಕಡಿಮೆ ಬಿದ್ದಿದ್ದವು. ಸಾರಿಸಿದ ಹಸಿ ನೆಲದ ಮೇಲೆ ಯಾರದೋ ಹೆಜ್ಜೆ ಮೂಡಿತ್ತು. ಅಂಗಾಲಿನ ನಡುವೆ ತಗ್ಗಿಲ್ಲದೆ ಪೂರ್ತಿ ನೆಲಕ್ಕೆ ಹತ್ತಿದ ಚಪ್ಪಟೆ ಪಾದ. ಮಠದಲ್ಲಿ ಅಂಥ ಪಾದವಿರುವುದು ನೀರು ಹೊರುವ ಕೊಟ್ರಯ್ಯನಿಗೆ ಒಬ್ಬನಿಗೇ. ಶಿಷ್ಯ ಅವನ ಬಟ್ಟೆಬರೆಯ ಗಂಟು ಕಟ್ಟಿಸಿ ಹೆಬ್ಬಾಗಿಲಲ್ಲಿ ಕೂರಿಸಿ ಬಂದಿದ್ದ. ಗುರುಗಳು ಹೂಂ ಎಂದರೆ ಸಾಕು, ಮಧ್ಯಾಹ್ನದ ಪ್ರಸಾದಕ್ಕೆ ಮುಂಚೆ ಅವನನ್ನು ಕಳಿಸಿಬಿಡುವುದು. ಕೊಟ್ರಯ್ಯನಿಗೆ ಹೋಗಲು ಬೇರೆ ಊರಿರಲಿಲ್ಲ.

ಹೆಜ್ಜೆ ಈಗಲೂ ಇದೆಯೇ ಎಂದು ಗುರುಗಳು ಕೇಳಿದರು. ಇಲ್ಲ, ನೈವೇದ್ಯದ ಹೊತ್ತಾಗಿತ್ತು, ನೆಲ ಮತ್ತೆ ಸಾರಿಸಿಯಾಯಿತು ಎಂದ ಶಿಷ್ಯ. ಕೊಟ್ರಯ್ಯ ಏನಂದ ಎಂದು ಕೇಳಿದರು. ಅಳುತ್ತಾನೆ, ಮತ್ತೇನೂ ಹೇಳುವುದಿಲ್ಲ ಎಂದ.

ಗುರುಗಳು ಹೂಂ ಎನ್ನಲಿಲ್ಲ. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ತುಪ್ಪದ ವ್ಯಾಪಾರಿ ಇದ್ದ. ಸುತ್ತಲಿನ ದನಗಾಹಿಗಳ ಹಟ್ಟಿಗಳಿಂದ ಅವನ ಅಂಗಡಿಗೆ ಗಡಿಗೆಗಳಲ್ಲಿ ತುಪ್ಪ ಬರುತ್ತಿತ್ತು. ಅದನ್ನು ಅವನು ಬೇರೆ ಪಾತ್ರೆಗೆ ಸುರಿಯುತ್ತಿರಲಿಲ್ಲ. ಕಾಯಿಸಿ ಸುರಿದರೆ ತುಪ್ಪದ ಹರಳು ಕರಗುತ್ತದೆ, ಹರಳಿಲ್ಲದ ತುಪ್ಪಕ್ಕೆ ಗಿರಾಕಿ ಮೂಗು ಮುರಿಯುತ್ತಾನೆ. ಹಾಗಾಗಿ ಬಂದ ಗಡಿಗೆಯಲ್ಲೇ ಮಾರಾಟ. ಒಳಗೇನಿದೆಯೆಂದು ಖಾತ್ರಿ ಮಾಡಿಕೊಳ್ಳಲು ಅವನೇ ಒಂದು ಕಟ್ಟಳೆ ಮಾಡಿದ್ದ. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಆರು ಮಂದಿ ಹೆಂಗಸರು ಕೂರುತ್ತಿದ್ದರು. ಗಡಿಗೆ ಬಂದೊಡನೆ ಅವರಲ್ಲಿ ಒಬ್ಬಳು ಬಿದಿರ ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಬೇಕು, ಎತ್ತಿ ಅದರ ತುದಿಯನ್ನು ಮೂಸಬೇಕು. ಸರಿ ಎನಿಸಿದರೆ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಗಂಟಿನ ಮೇಲೆ ಬಿಸಿ ಅರಗು ಇಟ್ಟು, ಬಲಗೈ ಹೆಬ್ಬೆರಳನ್ನು ನೀರಲ್ಲಿ ಅದ್ದಿ ಅದರ ಮೇಲೆ ಒತ್ತಬೇಕು. ಅರಗು ಆರಿದ ಮೇಲೆ ಬೆರಳಿನ ಗೆರೆಗಳು ಅದರಲ್ಲಿ ನಿಲ್ಲುತ್ತಿದ್ದವು. ಈ ಗಡಿಗೆಯನ್ನು ನಾನು ನೋಡಿದ್ದೇನೆ ಎನ್ನುವುದಕ್ಕೆ ಅದೇ ಸಹಿ.

ಆ ಆರು ಮಂದಿಯಲ್ಲಿ ಹಿರಿಯಳು ಫಕೀರವ್ವ. ಅವಳ ಮುದ್ರೆ ಉಳಿದವರ ಮುದ್ರೆಯಂತಿರಲಿಲ್ಲ. ಬೆರಳ ಗೆರೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಗೆರೆಗಳು ಒಂದು ಬದಿಯಿಂದ ಬಂದು, ಬಾಗಿ, ಅದೇ ಬದಿಗೆ ಮರಳಿದರೆ ಅದು ಕುಣಿಕೆ. ನಡುವೆ ಸುತ್ತಿಕೊಂಡರೆ ಸುಳಿ. ಒಂದು ಬದಿಯಿಂದ ಬಂದು, ನಡುವೆ ಸ್ವಲ್ಪ ಏರಿ, ಇನ್ನೊಂದು ಬದಿಗೆ ಇಳಿದು ಹೋದರೆ ಕಮಾನು. ನೂರು ಬೆರಳು ನೋಡಿದರೆ ಅರವತ್ತಕ್ಕೂ ಮಿಕ್ಕಿ ಕುಣಿಕೆಗಳೇ ಇರುತ್ತವೆ. ಮೂವತ್ತರ ಆಸುಪಾಸು ಸುಳಿ. ಕಮಾನು ನಾಲ್ಕೋ ಐದೋ. ಫಕೀರವ್ವನದು ಕಮಾನು. ಪೇಟೆಯ ಗೃಹಿಣಿಯರಿಗೆ ಓದು ಬಾರದಿದ್ದರೂ ಇದು ಗೊತ್ತಿತ್ತು. ಕಮಾನಿನ ಗಡಿಗೆ ಕೊಡಿ ಎಂದು ಕೇಳಿ ಒಯ್ಯುತ್ತಿದ್ದರು. ಅವಳು ಒತ್ತಿದ ಗಡಿಗೆ ಎಂದೂ ಹಿಂದಕ್ಕೆ ಬಂದದ್ದಿಲ್ಲ. ವ್ಯಾಪಾರಿಗೂ ಇದರಿಂದ ಸಂತೋಷವೇ. ಗಿರಾಕಿ ಮಾಲನ್ನು ತಾನೇ ಹೊಗಳಿಕೊಂಡು ಬಂದರೆ ಚೌಕಾಸಿಯ ಮಾತು ಅಷ್ಟು ಉಳಿಯಿತು.

ಒಂದು ದಿನ ಒಬ್ಬ ಗಿರಾಕಿ ಗಡಿಗೆ ಹೊತ್ತು ಅಂಗಡಿಗೆ ಬಂದ. ಅವನ ಮನೆಯಲ್ಲಿ ಮಗಳು ಬಾಣಂತಿ. ಅವಳಿಗೆಂದು ಕಮಾನಿನ ಮುದ್ರೆ ನೋಡಿಯೇ ಒಯ್ದಿದ್ದ ಗಡಿಗೆ ಅದು. ಮೇಲಿನ ಒಂದು ಗೇಣು ಒಳ್ಳೆಯ ತುಪ್ಪ. ಅದರ ಕೆಳಗೆ ಬೇಯಿಸಿ ಅರೆದ ಗೆಣಸು. ಸಂತೆಯ ದಿನ, ಅಂಗಡಿಯ ಮುಂದೆ ಜನ ತುಂಬಿದ್ದರು. ಗಿರಾಕಿ ಕೂಗಾಡಲಿಲ್ಲ. ಗಡಿಗೆಯನ್ನು ಕಟ್ಟೆಯ ಮೇಲೆ ಇಟ್ಟ, ಒಡೆದು ತೆಗೆದ ಅರಗಿನ ಬಿಲ್ಲೆಯನ್ನು ಅದರ ಪಕ್ಕದಲ್ಲಿ ಇಟ್ಟ.

“ಸಾವ್ಕಾರ್ರ, ತುಪ್ಪಾ ಕೇಳಿದ್ವಿ, ಜೋಡಿಗೆ ಗೆಣಸೂ ಕೊಟ್ಟೀರಿ. ಹಿಟ್ಟೂ ಒಂದೀಟು ಕೊಟ್ಟಿದ್ರ ಹೋಳಿಗೀನ ಆಕ್ಕಿತ್ತು.”

ಸಂತೆಯೆಲ್ಲ ನಕ್ಕಿತು. ವ್ಯಾಪಾರಿ ನಗಲಿಲ್ಲ. ನಷ್ಟವನ್ನು ಅವನು ತಡೆದುಕೊಳ್ಳಬಲ್ಲ, ನಗೆಯನ್ನು ತಡೆದುಕೊಳ್ಳಲಾರ. ಬೇರೆ ಗಡಿಗೆ ಕೊಟ್ಟು ಗಿರಾಕಿಯನ್ನು ಕಳಿಸಿದ. ಬಿಲ್ಲೆಯನ್ನು ಮಾತ್ರ ಇಟ್ಟುಕೊಂಡ. ಆರು ಮಂದಿಯನ್ನೂ ಅಂಗಡಿಯ ಮುಂದಕ್ಕೆ ಕರೆಸಿ, ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಒಬ್ಬೊಬ್ಬರ ಹೆಬ್ಬೆರಳನ್ನೂ ಮಸಿಯಲ್ಲಿ ಅದ್ದಿಸಿ ಒಂದು ಬಿಳಿಯ ವಸ್ತ್ರದ ಮೇಲೆ ಒತ್ತಿಸಿದ. ನಾಲ್ವರದು ಕುಣಿಕೆ. ಒಬ್ಬಳದು ಸುಳಿ. ಕಮಾನು ಒಂದೇ.

ತಾನು ಕಡ್ಡಿಯನ್ನು ತಳ ಮುಟ್ಟಿಸದೆ ಯಾವ ಗಡಿಗೆಗೂ ಹೆಬ್ಬೆಟ್ಟು ಒತ್ತಿದವಳಲ್ಲ ಎಂದಳು ಫಕೀರವ್ವ. ವ್ಯಾಪಾರಿ ಬಿಲ್ಲೆಯನ್ನು ಎತ್ತಿ ಹಿಡಿದು ಇದು ಕಮಾನು ಹೌದೋ ಅಲ್ಲವೋ ಎಂದು ಕೇಳಿದ. ಹೌದು ಎಂದಳು. ಅವಳು ನೋಡಿದ್ದನ್ನು ನೋಡಿದ ಹಾಗೆ ಹೇಳುವವಳು.

“ಆರು ಮಂದೀ ಬೆರಳು ನೋಡೀರಿ, ಸಾವ್ಕಾರ್ರ. ಊರಾಗ ಇಂಥಾದ್ದು ಇನ್ನೆಷ್ಟು ಮಂದಿಗೈತಿ, ನೋಡೀರೇನ್ರಿ?”

“ಊರು ನನ್ನ ಅಂಗಡ್ಯಾಗ ಅರಗು ಒತ್ತೂದಿಲ್ಲ, ಫಕೀರವ್ವ.”

ಕೇಳಿದವರಿಗೆ ಈ ಮಾತು ಸರಿ ಕಂಡಿತು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದ ವ್ಯಾಪಾರಿ. ಅವಳು ಸೆರಗಿಗೆ ಬೆರಳಿನ ಮಸಿ ಒರೆಸಿಕೊಂಡು ಹೋದಳು. ವ್ಯಾಪಾರಿ ಆ ವಸ್ತ್ರವನ್ನು ಅಂಗಡಿಯ ಮುಂದೆ ತೂಗುಹಾಕಿದ. ತಪ್ಪು ಯಾರದೆಂದು ಹುಡುಕಿ ತೆಗೆದಿದ್ದೇನೆ, ಇನ್ನು ಭಯವಿಲ್ಲದೆ ಬನ್ನಿ ಎಂದು ಗಿರಾಕಿಗಳಿಗೆ ತಿಳಿಯಲಿ ಎಂಬುದು ಅವನ ಲೆಕ್ಕ.

ಜನಕ್ಕೆ ಅದೊಂದು ಆಟವಾಯಿತು. ಹಜಾಮನ ಕಟ್ಟೆಯಲ್ಲಿ ಕೂತವರು, ಬಾವಿಯ ಬಳಿ ನಿಂತವರು ತಂತಮ್ಮ ಹೆಬ್ಬೆರಳು ತಿರುಗಿಸಿ ನೋಡಿಕೊಂಡರು. ಹೆಚ್ಚಿನವರಿಗೆ ಕುಣಿಕೆ ಕಂಡಿತು, ನಿಟ್ಟುಸಿರು ಬಿಟ್ಟರು. ಕಮಾನು ಕಂಡ ಯಾರಾದರೂ ಇದ್ದಿದ್ದರೆ ಅವರು ಮುಷ್ಟಿ ಕಟ್ಟಿಕೊಂಡಿರಬೇಕು, ಯಾರೂ ಹೇಳಲಿಲ್ಲ. ಅಲ್ಲಿ ಒಬ್ಬ ಎತ್ತಿನ ದಲ್ಲಾಳಿ ಇದ್ದ. ಎತ್ತಿನ ಮೈಮೇಲಿನ ಸುಳಿ ನೋಡಿ ಇದು ಮನೆಗೆ ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳುವುದು ಅವನ ಕಸುಬು. ಸಾವಿರ ಎತ್ತಿನಲ್ಲಿ ಒಂದಕ್ಕೆ ಇರುವ ಗುರುತು ಒಳ್ಳೆಯ ಗುರುತಲ್ಲ, ಅಂಥದ್ದನ್ನು ತಿಳಿದವರು ತಮ್ಮ ಗೂಟಕ್ಕೆ ಕಟ್ಟಿಕೊಳ್ಳುವುದಿಲ್ಲ, ಮನುಷ್ಯರಿಗೂ ಅದೇ ಲೆಕ್ಕ ಎಂದು ಅವನು ಹೇಳಿಬಿಟ್ಟ. ಆ ಪೇಟೆಯವರು ಎತ್ತನ್ನು ಹಾಗೆಯೇ ಕೊಳ್ಳುತ್ತಿದ್ದವರು. ಮಾತು ಅವರಿಗೆ ಸಲೀಸಾಗಿ ಇಳಿಯಿತು. ಅಲ್ಲಿಯವರೆಗೆ ಕಳ್ಳಿ ಎನಿಸಿಕೊಂಡಿದ್ದ ಫಕೀರವ್ವ ಈಗ ಅಪಶಕುನವೂ ಆದಳು.

ಬೇರೆ ತುಪ್ಪದ ಅಂಗಡಿಯವರು ಅವಳನ್ನು ಕರೆಯಲಿಲ್ಲ. ಅವಳು ಮೆಣಸಿನಕಾಯಿಯ ಕಣಕ್ಕೆ ಹೋಗಿ ತೊಟ್ಟು ಬಿಡಿಸುವ ಕೆಲಸಕ್ಕೆ ಕೂತಳು. ಅಲ್ಲಿ ಯಾರೂ ಬೆರಳು ನೋಡುವುದಿಲ್ಲ, ಬೆರಳು ಉರಿಯುತ್ತದೆ ಅಷ್ಟೆ. ಅವಳಿಗೆ ಒಬ್ಬಳು ಮಗಳು. ಆ ತಿಂಗಳು ಹೆಣ್ಣು ನೋಡಲು ಒಂದು ಮನೆಯವರು ಬಂದರು. ಹುಡುಗಿ ಒಪ್ಪಿಗೆಯಾದಳು, ಮಾತು ಮುಗಿಯುತ್ತ ಬಂತು. ಬಂದವರಲ್ಲಿ ಒಬ್ಬ ಹಿರಿಯಳು ಹುಡುಗಿಯ ಕೈ ಹಿಡಿದು, ಬಳೆಯ ಅಳತೆ ನೋಡುವ ಹಾಗೆ ಮಾಡಿ, ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿದಳು. ತಾಯಿಯ ಮೂಗು ಬಂದ ಹಾಗೆ ಬೆರಳಿನ ಗೆರೆಯೂ ಕೆಲವು ಸಲ ಮಕ್ಕಳಿಗೆ ಬರುತ್ತದೆ. ಹುಡುಗಿಯದೂ ಕಮಾನು. ಕೊಟ್ಟ ನೀರನ್ನು ಬಂದವರು ಕುಡಿದರು. ಎಲೆ ಅಡಿಕೆಯ ತಟ್ಟೆ ಮುಟ್ಟಲಿಲ್ಲ. ಊರಿಗೆ ಹೋಗಿ ಹೇಳಿಕಳಿಸುತ್ತೇವೆ ಎಂದು ಎದ್ದರು.

ಇತ್ತ ಅಂಗಡಿಯಲ್ಲಿ ಮಾರಾಟ ಇಳಿಯಿತು. ಕಮಾನಿನ ಗಡಿಗೆ ಕೇಳಬಾರದು ಎಂದು ಗಿರಾಕಿಗಳಿಗೆ ಗೊತ್ತಾಯಿತು, ಅದರ ಬದಲು ಯಾವುದನ್ನು ಕೇಳಬೇಕು ಎಂದು ಗೊತ್ತಾಗಲಿಲ್ಲ. ಕುಣಿಕೆ ನಾಲ್ವರದು, ಅದರಲ್ಲಿ ಯಾರದೆಂದು ಯಾರು ಹೇಳಬೇಕು. ಫಕೀರವ್ವನ ಜಾಗ ಖಾಲಿ ಇತ್ತು. ಒಂದು ಹಬ್ಬದ ಹಿಂದಿನ ದಿನ ಗಡಿಗೆಗಳು ಪಡಸಾಲೆ ತುಂಬಿ ಅಂಗಳಕ್ಕೆ ಬಂದವು. ಕೈ ಸಾಲದೆ ವ್ಯಾಪಾರಿಯೇ ಕೂತ. ಕಡ್ಡಿ ಇಳಿಸಿದ, ಮೂಸಿದ, ಬಟ್ಟೆ ಕಟ್ಟಿದ, ಅರಗು ಇಟ್ಟು ಹೆಬ್ಬೆರಳು ಒತ್ತಿದ.

ಬೆರಳು ಎತ್ತಿದಾಗ ಅರಗಿನ ಮೇಲೆ ಕಮಾನು ಇತ್ತು.

ಬೆರಳು ಜಾರಿರಬೇಕು ಎಂದುಕೊಂಡು ಅರಗನ್ನು ಮತ್ತೆ ಬಿಸಿ ಮಾಡಿ ಒತ್ತಿದ. ಕಮಾನೇ. ಆರು ಮಂದಿಯ ಬೆರಳನ್ನು ಸಂತೆಗೆ ತೋರಿಸಿದ್ದ ಮನುಷ್ಯ, ತನ್ನ ಬೆರಳನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ. ತಾನು ಸಾಲಿನಲ್ಲಿ ನಿಲ್ಲಬೇಕಾದವನು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಆಗ ಅವನು ಏನು ಮಾಡಿದ ಎಂಬುದನ್ನು ಗಮನವಿಟ್ಟು ಕೇಳು. ಅಕ್ಕಸಾಲಿಗನ ಮನೆಗೆ ಹೋಗಿ ಹರಳು ನೋಡುವ ಭೂತಗನ್ನಡಿ ಕೇಳಿ ತಂದ. ಮುಂದೆ ತೂಗುಹಾಕಿದ್ದ ವಸ್ತ್ರವನ್ನು ಇಳಿಸಿದ. ಪೆಟ್ಟಿಗೆಯಿಂದ ಹಳೆಯ ಬಿಲ್ಲೆಯನ್ನು ತೆಗೆದ. ವಸ್ತ್ರದ ಒಂದು ಮೂಲೆಗೆ ತನ್ನ ಹೆಬ್ಬೆರಳನ್ನೂ ಮಸಿಯಲ್ಲಿ ಒತ್ತಿ, ಬಿಸಿಲಿಗೆ ಕೂತು, ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡತೊಡಗಿದ. ಬಿಲ್ಲೆಯ ಕಮಾನು ತನ್ನದಲ್ಲ ಎಂದು ಕಂಡುಹಿಡಿಯಬೇಕಿತ್ತು ಅವನಿಗೆ. ಅದಕ್ಕೇ ಅಷ್ಟು ಶ್ರದ್ಧೆ.

ಬರಿಗಣ್ಣಿಗೆ ಮೂರೂ ಒಂದೇ. ಗಾಜಿನ ಕೆಳಗೆ ಹಾಗಿರಲಿಲ್ಲ. ಕಮಾನು ಎಂಬುದು ಗೆರೆಗಳೆಲ್ಲ ಸೇರಿ ಮಾಡಿದ ಆಕಾರ ಮಾತ್ರ. ಒಂದೊಂದು ಗೆರೆಗೂ ಅದರದೇ ದಾರಿ ಇರುತ್ತದೆ. ಒಂದು ನಡುದಾರಿಯಲ್ಲಿ ನಿಂತುಬಿಡುತ್ತದೆ. ಒಂದು ಮುಂದೆ ಹೋಗಿ ಎರಡಾಗಿ ಕವಲೊಡೆಯುತ್ತದೆ. ಎರಡು ಗೆರೆಗಳ ಸಂದಿಯಲ್ಲಿ ಒಂದು ತುಂಡು ಗೆರೆ ಒಂಟಿಯಾಗಿ ಬಿದ್ದಿರುತ್ತದೆ. ಬಿಲ್ಲೆಯಲ್ಲಿ ಕಮಾನಿನ ನೆತ್ತಿಯ ಬಲಕ್ಕೆ ಒಂದು ಗೆರೆ ಕವಲಾಗಿತ್ತು. ಫಕೀರವ್ವನ ಕಮಾನಿನಲ್ಲಿ ಅದೇ ಜಾಗದ ಗೆರೆ ಒಡೆಯದೆ ನೆಟ್ಟಗೆ ಇಳಿದು ಹೋಗಿತ್ತು. ಬಿಲ್ಲೆಯ ಕೆಳಗಡೆ ಎರಡು ಗೆರೆ ತಟ್ಟನೆ ನಿಂತಿದ್ದವು. ಅವಳದರಲ್ಲಿ ಅಲ್ಲಿ ನಿಂತದ್ದು ಒಂದೂ ಇಲ್ಲ. ಮಸುಕಲ್ಲ, ಜಾರಿದ್ದಲ್ಲ, ಗೆರೆಯ ದಾರಿಯೇ ಬೇರೆ. ಎಲ್ಲವೂ ಒಪ್ಪಿ ಇಂಥದೊಂದು ಒಪ್ಪದಿದ್ದರೂ ಸಾಕಿತ್ತು, ಆ ಬಿಲ್ಲೆ ಅವಳದಲ್ಲ.

ಆಮೇಲೆ ತನ್ನದನ್ನು ನೋಡಿದ. ನೆತ್ತಿಯ ಬಲಕ್ಕೆ ಕವಲು ಇತ್ತು. ಕೆಳಗೆ ನಿಂತ ಎರಡು ಗೆರೆ ಇದ್ದವು. ಇನ್ನೂ ಹುಡುಕಿದ. ಹುಡುಕಿದಷ್ಟೂ ಒಪ್ಪುತ್ತ ಹೋಯಿತು. ಒಪ್ಪದ್ದು ಒಂದಾದರೂ ಸಿಗಲಿ ಎಂದು ಬಿಸಿಲು ಗೋಡೆ ಹತ್ತುವವರೆಗೆ ಕೂತಿದ್ದ. ಸಿಗಲಿಲ್ಲ.

ಆಗ ನೆನಪಾಯಿತು. ಹಿಂದೊಮ್ಮೆ ದೀಪ ಹಚ್ಚುವ ಹೊತ್ತಿಗೆ, ಹೆಂಗಸರೆಲ್ಲ ಮನೆಗೆ ಹೋದ ಮೇಲೆ, ಒಬ್ಬ ದನಗಾಹಿ ಗಡಿಗೆ ತಂದಿದ್ದ. ಅವನಿಗೆ ಹಟ್ಟಿಗೆ ಮರಳುವ ಅವಸರ. ಅವಸರದಲ್ಲಿರುವವನ ಹತ್ತಿರ ಅಗ್ಗಕ್ಕೆ ಸಿಗುತ್ತದೆ ಎಂದು ವ್ಯಾಪಾರಿಗೂ ಅವಸರ. ಕಡ್ಡಿ ಇಳಿಸಲಿಲ್ಲ. ಮೇಲಿನ ತುಪ್ಪವನ್ನು ಹೆಬ್ಬೆರಳಲ್ಲಿ ತೆಗೆದು, ಮುಂಗೈಗೆ ತಿಕ್ಕಿ, ಮೂಸಿ, ಭೇಷ್ ಎಂದುಕೊಂಡಿದ್ದ. ಅದೇ ಹೆಬ್ಬೆರಳನ್ನು ಒರೆಸಿ ಅರಗಿನ ಮೇಲೆ ಒತ್ತಿದ್ದ. ಗೆಣಸು ದನಗಾಹಿಯದು. ಮುದ್ರೆ ಇವನದು. ಆ ಹಟ್ಟಿ ಆಗಲೇ ಮೇವಿನ ಹಿಂದೆ ಬೇರೆ ಸೀಮೆಗೆ ಹೋಗಿಯಾಗಿತ್ತು.

ಬಿಲ್ಲೆ ಕೈಯಲ್ಲಿತ್ತು. ಅರಗು ಕರಗಿಸಲು ಇಟ್ಟ ದೀಪ ಎದುರಿಗೇ ಉರಿಯುತ್ತಿತ್ತು. ಬಿಲ್ಲೆಯನ್ನು ದೀಪಕ್ಕೆ ಹಿಡಿದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ದೀಪದ ಬಳಿಗೆ ಒಯ್ದದ್ದೂ ಹೌದು. ಮತ್ತೆ ಹಿಂದಕ್ಕೆ ತಂದ. ಅವನು ಧರ್ಮಾತ್ಮನಾಗಿದ್ದ ಎಂದು ನಾನು ಹೇಳುವುದಿಲ್ಲ. ಫಕೀರವ್ವನಿಲ್ಲದೆ ಅಂಗಡಿ ನಡೆಯುವುದಿಲ್ಲ ಎಂಬ ಲೆಕ್ಕವೂ ಅದರಲ್ಲಿ ಇದ್ದೀತು. ಏನಾದರೂ ಇರಲಿ, ಸುಡಲಿಲ್ಲ. ಬಿಲ್ಲೆ, ವಸ್ತ್ರ, ಗಾಜು ಮೂರನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಮೆಣಸಿನಕಾಯಿಯ ಕಣಕ್ಕೆ ನಡೆದ.

ಫಕೀರವ್ವ ರಾಶಿಯ ಮುಂದೆ ಕೂತಿದ್ದಳು. ಅವನು ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ನಡೆದದ್ದನ್ನು ನಡೆದ ಹಾಗೆ ಹೇಳಿದ. ಗಾಜು ಕೊಟ್ಟ, ನೀನೇ ನೋಡು ಎಂದ. ಅವಳು ಗಾಜು ಮುಟ್ಟಲಿಲ್ಲ. ಖಾರದ ಕೈ, ಗಾಜು ಬೇರೆಯವರದು.

“ಕಮಾನು ನಂದು ಅಂತ ಕಂಡಾಗ ನಿಮಗ ಬರಿಗಣ್ಣು ಸಾಕಾತು, ಸಾವ್ಕಾರ್ರ. ನಿಮ್ಮದು ಅಂತ ಕಂಡಾಗ ಗಾಜು ತರಿಸಿದ್ರಿ.”

ವ್ಯಾಪಾರಿ ಮಾತಿನಲ್ಲಿ ಸೋಲುವವನಲ್ಲ. ಅಂದು ಮಾತ್ರ ನಾನು ಏನು ಮಾಡಲಿ ಹೇಳು ಎಂದಷ್ಟೇ ಕೇಳಿದ. ನನ್ನನ್ನು ಎಲ್ಲಿ ನಿಲ್ಲಿಸಿದ್ದಿರೋ ಅಲ್ಲೇ ನಿಂತು ಹೇಳಿ ಎಂದಳು.

ಮುಂದಿನ ಸಂತೆಯ ದಿನ ವ್ಯಾಪಾರಿ ಅಂಗಡಿಯ ಮುಂದೆ ವಸ್ತ್ರ ಹರಡಿ, ಬಿಲ್ಲೆ ಇಟ್ಟು, ಗಾಜು ಹಿಡಿದು ನಿಂತ. ಬಂದವರಿಗೆಲ್ಲ ತಾನೇ ತೋರಿಸಿದ. ಇದು ಅವಳದು, ಇಲ್ಲಿ ಕವಲಿಲ್ಲ. ಇದು ನನ್ನದು, ಇಲ್ಲಿ ಕವಲಿದೆ. ಗಡಿಗೆಯ ತಳ ನೋಡದೆ ಒತ್ತಿದವನು ನಾನು. ಎತ್ತಿನ ದಲ್ಲಾಳಿ ಎಲ್ಲರಿಗಿಂತ ಹೆಚ್ಚು ಹೊತ್ತು ಗಾಜಿನಲ್ಲಿ ನೋಡಿದ. ತಾನು ಆಡಿದ ಮಾತು ಅವನಿಗೆ ನೆನಪಿತ್ತೋ ಇಲ್ಲವೋ, ಹಾಗಾದರೆ ಸಾವ್ಕಾರರನ್ನು ಯಾರ ಗೂಟಕ್ಕೆ ಕಟ್ಟೋಣ ಎಂದು ಕೇಳಿದ. ಸಂತೆ ಮತ್ತೆ ನಕ್ಕಿತು. ಈ ಸಲ ವ್ಯಾಪಾರಿ ಆ ನಗೆಯನ್ನು ತಡೆದುಕೊಂಡ. ಅಂದು ಸಂಜೆಯೊಳಗೆ ಪೇಟೆಯಲ್ಲಿ ಇನ್ನೂ ಕೆಲವರು ಮುಷ್ಟಿ ಬಿಚ್ಚಿ, ತಮ್ಮದೂ ಕಮಾನೇ ಎಂದು ಹೇಳಿಕೊಂಡರು.

ಫಕೀರವ್ವ ಕೆಲಸಕ್ಕೆ ಮರಳಿ ಬಂದಳು. ಕ್ಷಮಿಸಿ ಬಂದಳೋ, ಬೆರಳುರಿ ತಾಳಲಾರದೆ ಬಂದಳೋ, ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಹೇಳಿಕಳಿಸುತ್ತೇವೆ ಎಂದು ಹೋದ ಆ ಮನೆಯವರು ಹೇಳಿಕಳಿಸಲೇ ಇಲ್ಲ. ಆ ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾಗುವವರೆಗೆ ತಾಯಿಯ ಕಣ್ಣಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಅದನ್ನು ವ್ಯಾಪಾರಿಗೆ ಯಾವ ಗಾಜಿನಿಂದಲೂ ಸರಿಮಾಡಲಾಗಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಹಾಗಾದರೆ ಕುಣಿಕೆ, ಸುಳಿ, ಕಮಾನು ಎಂದು ವಿಂಗಡಿಸುವುದರಿಂದ ಏನೂ ಪ್ರಯೋಜನವಿಲ್ಲವೇ ಎಂದು ಕೇಳಿದ ಶಿಷ್ಯ.

ಪ್ರಯೋಜನ ಉಂಟು ಎಂದರು ಗುರುಗಳು. ಬಿಲ್ಲೆಯ ಮೇಲಿದ್ದದ್ದು ಕಮಾನು ಎಂದು ಕಂಡ ಕ್ಷಣವೇ ಉಳಿದ ಐವರು ನೆಮ್ಮದಿಯಿಂದ ಮನೆಗೆ ಹೋದರಲ್ಲ, ಆ ಕೆಲಸ ಅದು ಚೆನ್ನಾಗಿ ಮಾಡುತ್ತದೆ. ಇವನಲ್ಲ ಎನ್ನಲು ಆಕಾರ ಒಂದೇ ಸಾಕು. ಇವನೇ ಎನ್ನಬೇಕಾದರೆ ಒಂದೊಂದು ಗೆರೆಯ ಹಿಂದೆಯೂ ನಡೆದು ಹೋಗಬೇಕು. ಅಪರೂಪ ಎಂದರೆ ಕೆಲವರು ಎಂದಷ್ಟೇ ಅರ್ಥ, ಒಬ್ಬ ಎಂದಲ್ಲ. ಆ ಕೆಲವರು ಯಾರು ಯಾರು ಎಂದು ಎಣಿಸುವಾಗ ನಾವು ನಮ್ಮನ್ನು ಬಿಟ್ಟು ಎಣಿಸುತ್ತೇವೆ.

ಶಿಷ್ಯ ತಲೆದೂಗಿದ. ಆದರೂ ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅದು ತುಪ್ಪದ ಅಂಗಡಿ, ಇದು ಮಠ ಎಂದ. ಹೆಜ್ಜೆಯನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದ. ಚಪ್ಪಟೆ ಪಾದವೇ, ಅದರಲ್ಲಿ ಸಂಶಯವಿಲ್ಲ ಎಂದ. ಹೆಬ್ಬಾಗಿಲಲ್ಲಿ ಕೊಟ್ರಯ್ಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ಎರಡೂ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡು ಕೂತಿದ್ದ. ಕೂತಲ್ಲಿಂದ ಅದು ಇಬ್ಬರಿಗೂ ಕಾಣುತ್ತಿತ್ತು.

ಗುರುಗಳು ಅತ್ತ ಒಮ್ಮೆ ನೋಡಿ, ಶಿಷ್ಯನ ಕಡೆಗೆ ತಿರುಗಿದರು.

“ಆ ಹೆಜ್ಜೆ ನಿನ್ನದೆಂದು ಯಾರಾದರೂ ಹೇಳಿದ್ದರೆ, ನೆಲ ಸಾರಿಸಲು ಬಿಡುತ್ತಿದ್ದೆಯಾ?”